ಚೆಂಡು, ಬಂತಿ, ಝೇಂಡೂ, ಗೊಂಡೆ: ಒಂದು ಹೂವಿನ ಬೀಜದ ಚರಿತ್ರೆ

ದಸರೆ ಹತ್ತಿರ ಬಂತೆಂದರೆ ನಿಮ್ಮ ಊರಿನ ಬಸ್ ನಿಲ್ದಾಣದ ಎದುರು ಹಳದಿ, ಕೇಸರಿ ಹೂವಿನ ರಾಶಿ ಬೀಳುತ್ತದೆ. ಆ ಹೂವಿನ ಹೆಸರೇನು ಎಂದು ಕೇಳಿದರೆ ಗಡಿಯ ಒಂದೊಂದು ದಿಕ್ಕಿನವರು ಒಂದೊಂದು ಉತ್ತರ ಕೊಡುತ್ತೀರಿ. ಕನ್ನಡದಲ್ಲಿ ಅದು ಚೆಂಡು ಹೂವು. ರಾಯದುರ್ಗ, ಮಡಕಶಿರಾ, ಆದವಾನಿ ಕಡೆಯವರು ಸಂತೆಯಲ್ಲಿ ತೆಲುಗು ಆಡುವಾಗ ಬಂತಿ ಪೂಲು ಎನ್ನುತ್ತೀರಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಅದು ಮರಾಠಿಯ ಝೇಂಡೂ. ತಾಳವಾಡಿ, ಹೊಸೂರಿನವರಿಗೆ ತಮಿಳಿನ ಸೆಂಡುಮಲ್ಲಿ, ವಯನಾಡಿನವರಿಗೆ ಮಲೆಯಾಳದ ಚೆಂಡುಮಲ್ಲಿ. ಕಾಸರಗೋಡಿನ ಮನೆಗಳಲ್ಲಿ ಗೊಂಡೆ ಹೂವು.

ಎರಡು ಭಾಷೆ ಬಲ್ಲ ನಿಮಗೆ ಇಲ್ಲಿ ಒಂದು ಸಂಗತಿ ಹೊಳೆದಿರಬೇಕು. ತೆಲುಗಿನಲ್ಲಿ ಬಂತಿ ಎಂದರೆ ಆಡುವ ಚೆಂಡು. ಹಿಂದಿಯವರು ಈ ಹೂವನ್ನು ಗೇಂದಾ ಎನ್ನುತ್ತಾರೆ. ಅವರ ಗೇಂದ್ ಕೂಡ ಚೆಂಡೇ. ಮರಾಠಿಯಲ್ಲಿ ಚೆಂಡಿಗೆ ಚೇಂಡೂ, ಹೂವಿಗೆ ಝೇಂಡೂ. ಒಬ್ಬರನ್ನೊಬ್ಬರು ಕೇಳದೆಯೇ ಇಷ್ಟು ಜನ ಒಂದೇ ರೀತಿ ಹೆಸರಿಟ್ಟ ಹಾಗಿದೆ.

ಇದಕ್ಕೆ ಕಾರಣವುಂಟು. ಮಲ್ಲಿಗೆ, ಸಂಪಿಗೆ, ಕೇದಗೆ, ತಾವರೆ ಇವೆಲ್ಲ ನಮ್ಮಲ್ಲಿ ಮೊದಲಿನಿಂದ ಇದ್ದ ಹೂವುಗಳು. ಅವಕ್ಕೆ ಅವುಗಳದ್ದೇ ಹೆಸರಿದೆ. ಆದರೆ ಹೊರಗಿನಿಂದ ಬಂದದ್ದಕ್ಕೆ ನಾವು ಅದರ ಆಕಾರ ನೋಡಿ ಹೆಸರಿಡುತ್ತೇವೆ, ಇಲ್ಲವೇ ಹಳೆಯ ಪದಾರ್ಥವೊಂದರ ಹೆಸರನ್ನೇ ಹಚ್ಚುತ್ತೇವೆ. ಕಪ್ಪು ಕಾಳಿಗೆ ಇದ್ದ ಮೆಣಸು ಎಂಬ ಹೆಸರನ್ನು ಹೊಸದಾಗಿ ಬಂದ ಕಾಯಿಗೆ ಕೊಟ್ಟು ಮೆಣಸಿನಕಾಯಿ ಎಂದ ಹಾಗೆ. ತಮಿಳರಲ್ಲಿ ಚೆಂಡು ಹೂವಿಗೆ ತುಲುಕ್ಕ ಸಾಮಂತಿ ಎಂಬ ಇನ್ನೊಂದು ಹೆಸರೂ ಇದೆ. ಸೇವಂತಿಗೆಯಂಥದ್ದು, ಆದರೆ ಹೊರಗಿನದು ಎಂಬುದು ಅದರ ಭಾವ. ನಮ್ಮ ದೇವರ ಮುಡಿಗೇರಿದ ಈ ಹೂವು ಹುಟ್ಟಿದ್ದು ನಮ್ಮ ದೇಶದಲ್ಲಲ್ಲ, ಸಮುದ್ರದಾಚೆಯ ಮೆಕ್ಸಿಕೋ ದೇಶದಲ್ಲಿ.

ಅಲ್ಲಿನ ಅಜ್ಟೆಕ್ ಜನರು ತಮ್ಮ ನಾವಾಟ್ಲ್ ಭಾಷೆಯಲ್ಲಿ ಇದನ್ನು ‘ಇಪ್ಪತ್ತು ಹೂವು’ ಎಂಬ ಅರ್ಥದ ಹೆಸರಿನಿಂದ ಕರೆದರು. ಅವರ ಎಣಿಕೆಯೇ ಇಪ್ಪತ್ತರ ಲೆಕ್ಕದ್ದು. ನಾವು ನೂರಾರು ಎನ್ನುವಲ್ಲಿ ಅವರು ಇಪ್ಪತ್ತು ಎಂದರು. ಆ ಹೆಸರು ಸರಿಯಾಗಿಯೇ ಇದೆ. ನಾವು ಒಂದು ಹೂವು ಎಂದುಕೊಳ್ಳುವುದು ನಿಜವಾಗಿ ಹತ್ತಾರು, ನೂರಾರು ಸಣ್ಣ ಹೂಗಳ ಗುಂಪು. ಒಂದೊಂದು ಎಸಳೂ ಒಂದೊಂದು ಹೂವು. ಅದರ ಬುಡದಲ್ಲಿ ಒಂದು ಬೀಜ ಕಟ್ಟುತ್ತದೆ. ಮೆಕ್ಸಿಕೋ ಜನ ಇಂದಿಗೂ ನವೆಂಬರ್ 1 ಮತ್ತು 2ರಂದು ತೀರಿಹೋದ ಹಿರಿಯರನ್ನು ನೆನೆಯುವಾಗ ಸಮಾಧಿಗಳ ಮೇಲೆ ಇದೇ ಹೂವನ್ನು ಹರಡುತ್ತಾರೆ.

ಸ್ಪೇನಿನವರು ಅಜ್ಟೆಕ್ ರಾಜಧಾನಿಯನ್ನು ಗೆದ್ದದ್ದು 1521ರಲ್ಲಿ. 1542ರಲ್ಲಿ ಜರ್ಮನಿಯ ವೈದ್ಯ ಲಿಯೋನ್‌ಹಾರ್ಟ್ ಫುಕ್ಸ್ ಅಚ್ಚು ಹಾಕಿಸಿದ ಸಸ್ಯಗ್ರಂಥದಲ್ಲಿ ಇದರ ಸಣ್ಣ ಜಾತಿಯ ಚಿತ್ರ ಆಗಲೇ ಇದೆ. ಇಪ್ಪತ್ತೊಂದೇ ವರ್ಷದಲ್ಲಿ ಬೀಜ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ! 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಟ್ಯಾಜಿಟೀಸ್ ಎಂಬ ಶಾಸ್ತ್ರೀಯ ಹೆಸರು ಬರೆದಿಟ್ಟರು. ಅಷ್ಟರಲ್ಲಿ ಯುರೋಪಿನ ಜನ ದೊಡ್ಡ ಹೂವಿಗೆ ಆಫ್ರಿಕನ್ ಎಂದೂ ಸಣ್ಣದಕ್ಕೆ ಫ್ರೆಂಚ್ ಎಂದೂ ಕರೆದು ರೂಢಿಯಾಗಿತ್ತು. ಎರಡೂ ತಪ್ಪು. ಬೀಜದ ಪೊಟ್ಟಣಗಳ ಮೇಲೆ ಆ ತಪ್ಪು ಇನ್ನೂ ಹಾಗೆಯೇ ಅಚ್ಚಾಗುತ್ತಿದೆ.

ನಮ್ಮ ಕಡೆಗೆ ಇದು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ, ಗೋಡಂಬಿ, ಪಪ್ಪಾಯಿ, ಹೊಗೆಸೊಪ್ಪುಗಳ ಜೊತೆಗೆ ಈ ಹೂವೂ ದಡ ಸೇರಿತು. ಆಮೇಲೆ ಅದನ್ನು ಊರೂರಿಗೆ ಒಯ್ಯಲು ಯಾವ ಸರಕಾರವೂ ಬೇಕಾಗಲಿಲ್ಲ. ಸೊಲ್ಲಾಪುರದ ಕಡೆ ದಸರೆಯ ತೋರಣವಾಯಿತು. ತೆಲಂಗಾಣದಲ್ಲಿ ತಂಗಡಿ ಹೂವಿನ ಜೊತೆ ಬತುಕಮ್ಮನ ಗೋಪುರ ಸೇರಿತು. ಆಂಧ್ರದಲ್ಲಿ ಸಂಕ್ರಾಂತಿಯ ರಂಗೋಲಿ ನಡುವೆ ಸೆಗಣಿಯ ಗೊಬ್ಬೆಮ್ಮನ ತಲೆಗೇರಿತು. ಕೇರಳದಲ್ಲಿ ಓಣಂ ಹಬ್ಬದ ಪೂಕಳಕ್ಕೆ ಬಂತು. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ನಾವು ಆಚೆ ಈಚೆ ಹಂಚಿಹೋದೆವು, ಹೂವು ಮಾತ್ರ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಉಳಿದದ್ದು ಹೇಗೆ? ಬೀಜ ಕೈಯಿಂದ ಕೈಗೆ ಹೋದದ್ದರಿಂದ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಗಡಿಯ ಎರಡು ಮೂರು ಊರುಗಳ ಶಾಖೆಗಳಲ್ಲಿ ಕೆಲಸ ಮಾಡಿದ್ದೇನೆ. ಪಿಂಚಣಿ ಹಣ ತೆಗೆಯಲು ಬರುತ್ತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿದರೆ ಪಾಸ್‌ಬುಕ್ಕಿನ ಚೀಟಿಯ ಜೊತೆ ಒಣಗಿದ ಚೆಂಡು ಹೂವೂ ಇರುತ್ತಿತ್ತು. ಮಗಳ ಊರು ಗಡಿಯಾಚೆ. ತೌರಿನ ಹಿತ್ತಲಿನ ಬೀಜ ಅವಳ ಹಿತ್ತಲಿಗೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳಬೇಕೆಂದರೆ ಹೂವು ಬಡ್ಡಿ, ಬೀಜ ಅಸಲು. ಬಡ್ಡಿಯನ್ನು ದೇವರಿಗೆ, ಮುಡಿಗೆ, ಸಂತೆಗೆ ಖರ್ಚು ಮಾಡಿ ಅಸಲನ್ನು ಮುಟ್ಟದೆ ಇಟ್ಟುಕೊಂಡವರು ನಮ್ಮ ಹೆಣ್ಣುಮಕ್ಕಳು.

ಬೀಜ ಎತ್ತಿಡುವ ಕೈಗೆ ಎಷ್ಟು ಬಲವಿದೆ ಎಂಬುದಕ್ಕೆ ಅಮೆರಿಕದ ಒಂದು ಘಟನೆ ಹೇಳುತ್ತೇನೆ. ಅಲ್ಲಿನ ಬರ್ಪೀ ಎಂಬ ಬೀಜದ ಕಂಪನಿ 1954ರಲ್ಲಿ ಒಂದು ಪಂಥ ಸಾರಿತು: ಅಚ್ಚ ಬಿಳಿಯ ಚೆಂಡು ಹೂವು ಬೆಳೆಸಿ ಬೀಜ ಕಳಿಸಿದವರಿಗೆ 10,000 ಡಾಲರ್. ಸಾವಿರಾರು ಜನ ಪ್ರಯತ್ನಿಸಿದರು. 1975ರಲ್ಲಿ ಗೆದ್ದವರು ವಿಜ್ಞಾನಿಯಲ್ಲ. ಅಯೋವಾ ಪ್ರಾಂತದ ಸಲ್ಲಿ ಎಂಬ ಪುಟ್ಟ ಊರಿನ ಆಲಿಸ್ ವಾಂಕ್ ಎಂಬ ಹೆಣ್ಣುಮಗಳು. ಅವರು ಮಾಡಿದ್ದು ಇಷ್ಟೇ: ಪ್ರತಿ ವರ್ಷ ಹಿತ್ತಲಿನಲ್ಲಿ ಎಲ್ಲಕ್ಕಿಂತ ಬಣ್ಣ ಕಡಿಮೆ ಇರುವ ಹೂವನ್ನು ಗುರುತು ಮಾಡಿ, ಅದರ ಬೀಜವನ್ನೇ ಮುಂದಿನ ವರ್ಷಕ್ಕೆ ಬಿತ್ತಿದರು.

ಈಗ ನಮ್ಮ ಹಿತ್ತಲುಗಳಲ್ಲಿ ಈ ಸರಪಳಿ ಕಡಿಯುತ್ತಿದೆ. ಅಂಗಡಿಯಲ್ಲಿ ಸಿಗುವ ದಪ್ಪ ಹೂವಿನ ಬೀಜ ಬಹಳ ಮಟ್ಟಿಗೆ ಹೈಬ್ರಿಡ್. ಬೇರೆ ಬೇರೆಯಾಗಿ ಬೆಳೆಸಿದ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನ ಬೀಜ ಅದು. ಅದರ ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಬಣ್ಣ. ಆದರೆ ಆ ಹೂವಿನ ಬೀಜ ಹಿಡಿದು ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಬೇರೆ ಬೇರೆ ಗಿಡಗಳಿಗೆ ಹಂಚಿಹೋಗುತ್ತವೆ: ಒಂದು ಎತ್ತರ, ಒಂದು ಕುಳ್ಳು, ಒಂದರಲ್ಲಿ ದಟ್ಟ ಹೂವು, ಇನ್ನೊಂದರಲ್ಲಿ ಒಂದೇ ಸುತ್ತಿನ ಎಸಳು. ಇದು ಮೋಸವಲ್ಲ, ಪ್ರಕೃತಿಯ ನಿಯಮ. ಗುಂಡ್ಲುಪೇಟೆಯಲ್ಲಿ ಎಕರೆಗಟ್ಟಲೆ ಬೆಳೆದು ಬಣ್ಣ ತೆಗೆಯುವ ಕಾರ್ಖಾನೆಗೋ ಓಣಂ ಪೇಟೆಗೋ ಕಳಿಸುವ ರೈತನಿಗೆ ಒಂದೇ ಸಮನಾದ ಹೂವು ಬೇಕು. ಅವನು ವರ್ಷವರ್ಷ ಬೀಜ ಕೊಂಡರೆ ತಪ್ಪಿಲ್ಲ. ಆದರೆ ಹತ್ತು ಗಿಡ ಹಾಕುವ ಮನೆಯವರೂ ಪೊಟ್ಟಣದ ದಾರಿ ಕಾಯುತ್ತಾ ಕುಳಿತರೆ ಅಜ್ಜಿಯ ಗಂಟಿನ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಬೀಜ ಉಳಿಸಬಹುದಾದ ಒಳ್ಳೆಯ ತಳಿಗಳೂ ಇವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1995ರಲ್ಲಿ ಹೊರತಂದ ಪೂಸಾ ನಾರಂಗಿ ಕೇಸರಿ ಬಣ್ಣದ್ದು, ಪೂಸಾ ಬಸಂತಿ ಹಳದಿಯದು. ಕಾನೂನೂ ನಮ್ಮ ಪರವಾಗಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರಬಾರದು, ಅಷ್ಟೇ.

ಇನ್ನು ಕೆಲಸದ ಮಾತು. ಒಂದು ಗ್ರಾಮಿಗೆ ಸುಮಾರು 300 ಬೀಜ ಬರುತ್ತವೆ, ಒಂದು ಹಿತ್ತಲಿಗೆ ಧಾರಾಳವಾಯಿತು. ಮಣ್ಣು, ಮರಳು, ಹಳೆಯ ತಿಪ್ಪೆ ಗೊಬ್ಬರ ಕೂಡಿಸಿ ಮಡಿ ಮಾಡಿ, ಬೀಜ ಮುಚ್ಚುವಷ್ಟೇ ಮಣ್ಣು ಉದುರಿಸಿ, ಕೈಯಿಂದ ನೀರು ಚಿಮುಕಿಸಿ. ವಾರದೊಳಗೆ ಮೊಳಕೆ ಕಾಣುತ್ತದೆ. ಒಂದು ತಿಂಗಳ ಸಸಿಯನ್ನು ಒಂದೂವರೆ ಅಡಿಗೊಂದರಂತೆ ಬಿಸಿಲು ಬೀಳುವಲ್ಲಿ ನೆಡಿ. ಗಿಡ ಹಿಡಿದ ಮೇಲೆ ನೆತ್ತಿಯ ಕುಡಿ ಚಿವುಟಿದರೆ ಕವಲೊಡೆದು ಹೆಚ್ಚು ಹೂ ಬಿಡುತ್ತದೆ.

ಬೀಜಕ್ಕೆಂದು ಎಲ್ಲಕ್ಕಿಂತ ಚೆನ್ನಾಗಿರುವ ಎರಡು ಮೂರು ಗಿಡಗಳಿಗೆ ಈಗಲೇ ದಾರ ಕಟ್ಟಿಡಿ. ಹಬ್ಬದ ಗಡಿಬಿಡಿಯಲ್ಲಿ ಅವನ್ನು ಯಾರೂ ಕೊಯ್ಯಬಾರದು. ಹಳದಿಯನ್ನೂ ಕೇಸರಿಯನ್ನೂ ಆದಷ್ಟು ದೂರ ನೆಡಿ, ಜೇನುನೊಣ ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಹೂವಿನ ಬುಡದ ಹಸಿರು ಬಟ್ಟಲು ಕಂದು ಬಣ್ಣಕ್ಕೆ ತಿರುಗುವವರೆಗೆ ಗಿಡದಲ್ಲೇ ಬಿಡಿ. ಮಾಲೆಗೆ ಕೊಯ್ದ ಹೂವಿನ ಬೀಜ ಹೆಚ್ಚಾಗಿ ಬಲಿತಿರುವುದಿಲ್ಲ. ಬಿಡಿಸಿದಾಗ ಕಪ್ಪಾಗಿ ಗಟ್ಟಿಯಾಗಿರುವುದೇ ಒಳ್ಳೆಯ ಬೀಜ. ಒಂದು ವಾರ ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿ, ಮೇಲೆ ಬಣ್ಣ ಮತ್ತು ವರ್ಷ ಬರೆದು ತೇವ ತಾಗದಲ್ಲಿ ಇಡಿ. ಮುಂದಿನ ವರ್ಷವೇ ಬಿತ್ತಿ.

ಎರಡು ಪೊಟ್ಟಣ ಕಟ್ಟಿದರೆ ಇನ್ನೂ ಒಳ್ಳೆಯದು. ಒಂದು ನಿಮಗೆ, ಇನ್ನೊಂದು ಗಡಿಯಾಚೆಯ ನಿಮ್ಮ ಮಗಳಿಗೋ ಬೀಗರಿಗೋ. ಅವರು ಅದನ್ನು ಬಂತಿ ಎನ್ನಲಿ, ಝೇಂಡೂ ಎನ್ನಲಿ, ನಿಮ್ಮ ಹಿತ್ತಲಿನಲ್ಲಿ ಒಂದು ವರ್ಷ ಬೆಳೆ ಕೆಟ್ಟರೂ ಆ ಬೀಜ ಅವರ ಹಿತ್ತಲಿನಿಂದ ಮರಳಿ ಬರುತ್ತದೆ.