ಗಾಜಿನ ಮನೆಯ ಸಂಸಾರ

ಗಾಜಿನ ತೊಟ್ಟಿಯೊಂದು ಮನೆಗೆ ಬಂದ ದಿನ ಎಲ್ಲರೂ ಅದನ್ನು ದಸರೆಯ ಗೊಂಬೆ ಕೂರಿಸುವ ಮೆಟ್ಟಿಲೆಂದೇ ತಿಳಿಯುತ್ತಾರೆ. ತಳಕ್ಕೆ ನೀಲಿ ಹರಳು, ಮಧ್ಯದಲ್ಲಿ ಪ್ಲಾಸ್ಟಿಕ್ ಗಿಡ, ಮೂಲೆಯಲ್ಲಿ ಬಾಯಿ ತೆರೆದು ಗುಳ್ಳೆ ಬಿಡುವ ಮೊಸಳೆ. ಸಂಜೆಗೆ ನೀರು, ರಾತ್ರಿಗೆ ಮೀನು. ವಾರ ಕಳೆಯುವುದರೊಳಗೆ ನೀರು ಮಬ್ಬಾಗಿ ಮೀನುಗಳು ಒಂದೊಂದಾಗಿ ಮೇಲೆ ತೇಲತೊಡಗುತ್ತವೆ. "ನಮ್ಮ ಕೈಗುಣವೇ ಸರಿಯಿಲ್ಲ" ಎಂದು ತೊಟ್ಟಿಯನ್ನು ಅಟ್ಟಕ್ಕೇರಿಸುತ್ತಾರೆ. ಶಾಲೆಯ ಮಕ್ಕಳ ಬಾಯಿಂದ ಇಂಥ ಅಟ್ಟ ಸೇರಿದ ತೊಟ್ಟಿಗಳ ಕಥೆಯನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಇದರಲ್ಲಿ ಕೈಗುಣದ ದೋಷವೇನೂ ಇಲ್ಲ. ಅಲಂಕಾರ ಮೊದಲು, ಸಂಸಾರ ಆಮೇಲೆ ಎಂದುಕೊಂಡದ್ದರ ಫಲ ಅದು. ಈ ತೊಟ್ಟಿಯ ಚರಿತ್ರೆ ತಿಳಿದವರು ಆ ಕ್ರಮವನ್ನು ತಿರುವುಮುರುವು ಮಾಡಲಾರರು.

ತೊಟ್ಟಿ ಹುಟ್ಟಿದ್ದು ಕುತೂಹಲದಿಂದ. ಫ್ರಾನ್ಸಿನಲ್ಲಿ ಬಟ್ಟೆ ಹೊಲಿದು ಜೀವನ ನಡೆಸುತ್ತಿದ್ದ ಝಾನ್ ವಿಲ್‌ಪ್ರೋ ಎಂಬಾಕೆ ಮದುವೆಯಾಗಿ ಸಿಸಿಲಿ ದ್ವೀಪಕ್ಕೆ ಬಂದಳು. ಆರ್ಗೊನಾಟ್ ಎಂಬ ಕಡಲಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆಯೋ ಬೇರೆ ಪ್ರಾಣಿಯಿಂದ ಕದಿಯುತ್ತದೆಯೋ ಎಂದು ಪಂಡಿತರು ಚರ್ಚಿಸುತ್ತಿದ್ದ ಕಾಲವದು. ಈಕೆ 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಅದರಲ್ಲಿ ಜೀವಂತ ಆರ್ಗೊನಾಟ್‌ಗಳನ್ನು ಸಾಕಿ ಕಣ್ಣಾರೆ ನೋಡಿದಳು. ಚಿಪ್ಪು ಅದರ ಸ್ವಂತ ದುಡಿಮೆಯೆಂದು ತೋರಿಸಿಕೊಟ್ಟಳು. ಹದಿನಾಲ್ಕು ವರ್ಷಗಳ ಬಳಿಕ, 1846ರಲ್ಲಿ, ಆನಾ ಥಿನ್ ಎಂಬ ಪಾದ್ರಿಯ ಪತ್ನಿ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದಳು. ಕಡಲ ನೀರಿಗೆ ಗಾಳಿ ಸೇರಲೆಂದು ತೆರೆದ ಕಿಟಕಿಯ ಬಳಿ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತಿದ್ದಳು, ನಮ್ಮಲ್ಲಿ ಕಾಫಿ ಆರಿಸಿದ ಹಾಗೆ! ಆ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಂದಿತ್ತು. ಕಡಲ ಪಾಚಿ ಬೆಳೆಸಿದ ಮೇಲೆ ಆ ತೋಳುಗಳಿಗೂ ಅಷ್ಟಿಷ್ಟು ವಿಶ್ರಾಂತಿ ಸಿಕ್ಕಿರಬೇಕು.

ಇದರ ಶಾಸ್ತ್ರವನ್ನು ಬಿಡಿಸಿ ಹೇಳಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, 1850ರಲ್ಲಿ. ಅವರ ತೊಟ್ಟಿಯಲ್ಲಿ ಇದ್ದದ್ದು ಎರಡು ಹೊನ್ನಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ತಳದಲ್ಲಿ ಮಣ್ಣು ಮತ್ತು ಮರಳು, ಬಿಸಿಲು ಹೆಚ್ಚಾದಾಗ ಮೀನು ಮರೆಯಾಗಲು ಜೋಡಿಸಿದ ಕಲ್ಲುಗಳು. ಗಿಡ ಆಮ್ಲಜನಕ ಕೊಟ್ಟಿತು, ಮೀನು ಉಸಿರಾಡಿತು. ಆದರೆ ಕೊಳೆತ ಎಲೆಗಳಿಂದ ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಅಂಟಿತು. ಆಗ ಅವರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಹುಳುಗಳು ಕೊಳೆ ತಿಂದು ನೀರನ್ನು ತಿಳಿಯಾಗಿಸಿದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ನೋಡಿ, ಕಲ್ಲು, ಗಿಡ, ಮರಳು ಎಂದು ನಾವು ಇಂದು ಅಂದಕ್ಕಾಗಿ ಜೋಡಿಸುವ ಒಂದೊಂದಕ್ಕೂ ಅಲ್ಲಿ ಒಂದೊಂದು ಕೆಲಸವಿತ್ತು. ಎಲ್ಲರ ಅಂದ ಉಳಿಸಿದ್ದು ಮಾತ್ರ ಯಾರೂ ಚೆಲುವೆಂದು ಕರೆಯದ ಬಸವನಹುಳು.

ಮುಂದಿನದು ಹುಚ್ಚಿನ ಅಧ್ಯಾಯ. ಬ್ರಿಟನ್ನಿನಲ್ಲಿ 1845ರಲ್ಲೇ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು. ಲಂಡನ್ ಮೃಗಾಲಯದಲ್ಲಿ 1853ರಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಮಾತನ್ನು ಮನೆಮಾತಾಗಿಸಿತು. ಜನ ಬುಟ್ಟಿ, ಬಲೆ ಹಿಡಿದು ಕಡಲತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ನೀರಗುಂಡಿಗಳು ಬರಿದಾದವು. ತಂದೆಯ ಪುಸ್ತಕಗಳೂ ಈ ಸೂರೆಗೆ ದಾರಿ ತೋರಿದವೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಮರುಗಿ ಬರೆದ. ಅಂದವನ್ನು ಮನೆಗೆ ತರುವ ಆತುರದಲ್ಲಿ ಅಂದದ ತವರೇ ಹಾಳಾಯಿತು.

ವಾರಿಂಗ್ಟನ್ ಅವರಿಗೂ ಒಬ್ಬ ಮಗನಿದ್ದ. ಅವನ ಹೆಸರೂ ರಾಬರ್ಟೇ. ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಈತ, ಹೊಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಎರಡು ಹಂತಗಳಲ್ಲಿ ನೈಟ್ರೇಟ್ ಆಗಿಸುವುದನ್ನು ಕಂಡುಕೊಂಡ. ತಂದೆಯ ತೊಟ್ಟಿಯನ್ನು ತಿಳಿಯಾಗಿಟ್ಟ ಕಾಣದ ಕೈಯೂ ಇದೇ. ಮೀನಿನ ಮಲದಿಂದ ಬರುವ ಅಮೋನಿಯಾ ಮೀನಿಗೇ ವಿಷ. ಮರಳು, ಕಲ್ಲುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಗಿಡಕ್ಕೆ ಗೊಬ್ಬರವಾಗುವಂತೆ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ವಾರದೊಳಗೆ ಮೀನು ಸಾಯುವುದರ ಗುಟ್ಟು ಇಷ್ಟೆ.

ಈ ಲೆಕ್ಕ ಗೊತ್ತಿದ್ದವರು ಮುಂದೆ ಅಂದವನ್ನೂ ಸಾಧಿಸಿದರು. 1930ರ ದಶಕದಿಂದ ಡಚ್ಚರು ನೀರುಗಿಡಗಳನ್ನು ಹೂದೋಟದ ಪಾತಿಯಂತೆ ಮುಂದೆ ಗಿಡ್ಡ, ಹಿಂದೆ ಎತ್ತರವಾಗಿ ಬೆಳೆಸಿದರು. ಜಪಾನಿನ ತಕಾಶಿ ಅಮಾನೊ (1954–2015) ಬೆಟ್ಟ ಬಯಲುಗಳನ್ನೇ ತೊಟ್ಟಿಗೆ ಇಳಿಸಿದರು. ಬೆಸಸಂಖ್ಯೆಯ ಕಲ್ಲುಗಳು, ದೊಡ್ಡದನ್ನು ನಟ್ಟನಡುವೆ ಇಡದೆ ಒಂದು ಬದಿಗೆ, ಅಗಲದ ಮೂರರಲ್ಲೊಂದು ಭಾಗದ ಹತ್ತಿರ ನಿಲ್ಲಿಸುವುದು ಆ ಪದ್ಧತಿ. ನೋಡುವವರ ಕಣ್ಣು ಕಲ್ಲಿನ ಮೇಲಿರುತ್ತದೆ. ಪಾಚಿ ತಿಂದು ಆ ಕಲ್ಲನ್ನು ಚೊಕ್ಕಟವಾಗಿಡುವ ಕೆಲಸಕ್ಕೆ ಅಮಾನೊ ಪುಟ್ಟ ಸೀಗಡಿಗಳನ್ನು ಬಿಡುತ್ತಿದ್ದರು. ಬಸವನಹುಳುವಿನ ವಾರಸುದಾರರು!

ಹೊಸದಾಗಿ ತೊಟ್ಟಿ ಇಡುವವರಿಗೆ ಈ ಚರಿತ್ರೆಯೇ ಪಾಠ. ಮೊದಲು ತೊಳೆದ ಮರಳನ್ನು ಮುಂದೆ ತಗ್ಗು, ಹಿಂದೆ ಎತ್ತರ ಬರುವಂತೆ ಹರಡಿ. ಮೂರು ಕಲ್ಲು, ಎರಡು ಬಗೆಯ ಜೀವಂತ ಗಿಡ ಸಾಕು. ಈಜಲು ಬಯಲಿರಲಿ. ಆಮೇಲೆ ಕಾಯಿರಿ. ಅಮೋನಿಯಾ ಕರಗುತ್ತಿದೆಯೆಂದು ನೀರಿನ ಪರೀಕ್ಷೆ ಹೇಳಿದ ಬಳಿಕ ಒಂದೆರಡೇ ಮೀನು ತನ್ನಿ. ತರುವಾಗ ಅದು ಎಲ್ಲಿಯದೆಂದು ಕೇಳಿ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ 'ಮಿಸ್ ಕೇರಳ' ಎಂಬ ಕೆಂಪು ಪಟ್ಟೆಯ ಮೀನು ಈ ವ್ಯಾಪಾರಕ್ಕಾಗಿ ವಿಪರೀತ ಹಿಡಿಯಲ್ಪಟ್ಟು ಅಳಿವಿನಂಚಿನ ಪಟ್ಟಿ ಸೇರಿದೆ. ಇಂಗ್ಲೆಂಡಿನ ಕಡಲತೀರದ ಕಥೆ ನಮ್ಮ ಹೊಳೆಗಳಲ್ಲಿ ಮರುಕಳಿಸಬೇಕೆ?

ಮನೆ ನೆಲೆಗೊಂಡ ಮೇಲೆ ನೆಂಟರನ್ನು ಕರೆಯುವುದು ನಮ್ಮ ಹಿರಿಯರ ಪದ್ಧತಿ. ಗಾಜಿನ ಮನೆಗೂ ಅದೇ ಸರಿ.