ಮೂರನೇ ಸಾಲು: ಪರ್ಲ್ ಮಾಡ್ಯೂಲುಗಳ ‘ಮೇಕ್ ಟೆಸ್ಟ್’ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು

ವಿಡಿಯೋದಲ್ಲಿ ಟರ್ಮಿನಲ್ ತೋರಿಸಿಕೊಂಡು ಹೇಳಿದ್ದನ್ನ, ಓದೋಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಿ ಇಲ್ಲಿ ಹಾಕಿದ್ದೀನಿ. ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದಿದ್ದೀನಿ.

ಪರ್ಲ್ ಅಂದ ತಕ್ಷಣ ಹಿಂಜೇವಾಡಿಯಲ್ಲೋ ಮಾಧಾಪುರದಲ್ಲೋ ಕೂತಿರುವ ನಮ್ಮಂಥವರಿಗೆ ನೆನಪಾಗೋದು, ಯಾರೋ ಬರೆದು ಕೆಲಸ ಬಿಟ್ಟು ಹೋದ, ಈಗ ಯಾರೂ ಮುಟ್ಟೋಕೆ ಧೈರ್ಯ ಮಾಡದ ರಿಪೋರ್ಟ್ ಸ್ಕ್ರಿಪ್ಟು. ಅಂಥ ಸ್ಕ್ರಿಪ್ಟನ್ನ ಹೊಸ ಸರ್ವರ್‌ಗೆ ಸಾಗಿಸಿದವರು ಈ ನಾಲ್ಕು ಸಾಲನ್ನ ಒಮ್ಮೆಯಾದರೂ ಹೊಡೆದಿರ್ತೀರಿ: ‘ಪರ್ಲ್ ಮೇಕ್‌ಫೈಲ್ ಡಾಟ್ ಪಿಎಲ್’, ‘ಮೇಕ್’, ‘ಮೇಕ್ ಟೆಸ್ಟ್’, ‘ಮೇಕ್ ಇನ್‌ಸ್ಟಾಲ್’. ಬಹಳ ಜನ ಇದನ್ನ ಮಂತ್ರದ ಹಾಗೆ ಹೇಳಿಕೊಂಡು ಹೋಗ್ತಾರೆ, ಅರ್ಥ ಕೇಳೋದಿಲ್ಲ. ನನಗೆ ಇದರಲ್ಲಿ ಮೂರನೇ ಸಾಲಿನ ಮೇಲೆ ಆಸಕ್ತಿ. ಯಾಕಂದ್ರೆ ಪೈಥಾನ್‌ನ ಪಿಪ್‌ನಲ್ಲಿ, ನೋಡ್‌ನ ಎನ್‌ಪಿಎಂನಲ್ಲಿ ಅದಕ್ಕೆ ಸಮಾನವಾದ ಹೆಜ್ಜೆಯೇ ಇಲ್ಲ. ಇವತ್ತು ನಾವು ದಿನಕ್ಕೆ ನೂರಾರು ಪ್ಯಾಕೇಜು ಇಳಿಸಿಕೊಳ್ತೀವಿ, ಒಂದಾದ್ರೂ ನಮ್ಮ ಮೆಷಿನ್ ಮೇಲೆ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಂಡು ಕೂರೋದಿಲ್ಲ. ಪರ್ಲ್‌ನಲ್ಲಿ ಮಾತ್ರ ಅದು ವಾಡಿಕೆ.

ಇದರ ಮೂಲ ಹುಡುಕಿದ್ರೆ ಲ್ಯಾರಿ ವಾಲ್ ತನಕ ಹೋಗಬೇಕು. 1987ರ ಡಿಸೆಂಬರ್ 18ರಂದು ಅವರು ಪರ್ಲ್‌ನ ಮೊದಲ ಆವೃತ್ತಿ ಬಿಡುಗಡೆ ಮಾಡಿದರು. ಅದಕ್ಕೂ ಮೊದಲೇ ‘ಪ್ಯಾಚ್’ ಮತ್ತು ‘ಆರ್‌ಎನ್’ ಎಂಬ ನ್ಯೂಸ್ ರೀಡರ್ ಬರೆದು ಯುನಿಕ್ಸ್ ಲೋಕದಲ್ಲಿ ಹೆಸರು ಮಾಡಿದ್ದರು. ಆಗ ಸಾಫ್ಟ್‌ವೇರ್ ಹಂಚೋದು ಅಂದ್ರೆ ಯೂಸ್‌ನೆಟ್‌ಗೆ ಸೋರ್ಸ್ ಕೋಡನ್ನ ತುಂಡು ತುಂಡಾಗಿ ಕಳಿಸೋದು. ತಗೊಂಡವರ ಹತ್ತಿರ ಸನ್ ಮೆಷಿನ್ ಇರಬಹುದು, ವ್ಯಾಕ್ಸ್ ಇರಬಹುದು, ಎಚ್‌ಪಿ ಇರಬಹುದು. ಪ್ರತಿಯೊಂದರ ಕಂಪೈಲರ್ ಬೇರೆ, ಲೈಬ್ರರಿ ಬೇರೆ. ಬರೆದವರಿಗೆ ಆ ಎಲ್ಲ ಮೆಷಿನ್ ಮುಟ್ಟಿ ನೋಡುವ ಅವಕಾಶ ಇರಲಿಲ್ಲ. ಹಾಗಾಗಿ ವಾಲ್ ಎರಡು ವಸ್ತುಗಳನ್ನ ಜೊತೆಗೆ ಕಟ್ಟಿ ಕಳಿಸಿದರು. ಒಂದು ‘ಕಾನ್‌ಫಿಗರ್’ ಎಂಬ ಸ್ಕ್ರಿಪ್ಟು, ನಿಮ್ಮ ಮೆಷಿನ್‌ನಲ್ಲಿ ಏನಿದೆ ಏನಿಲ್ಲ ಅಂತ ತಡಕಾಡಿ, ಗೊತ್ತಾಗದಿದ್ರೆ ನಿಮ್ಮನ್ನೇ ಕೇಳತ್ತೆ. ಇನ್ನೊಂದು ‘ಟಿ’ ಅನ್ನೋ ಒಂದಕ್ಷರದ ಡೈರೆಕ್ಟರಿ. ಅದರ ತುಂಬ ಸಣ್ಣ ಸಣ್ಣ ಪರೀಕ್ಷೆಗಳು. ಎಷ್ಟು ಪರೀಕ್ಷೆ ಇದೆ ಅಂತ ಮೊದಲು ‘1..5’ ಥರ ಮುದ್ರಿಸೋದು, ಆಮೇಲೆ ‘ಓಕೆ 1’, ‘ಓಕೆ 2’, ಕೆಟ್ಟಿದ್ರೆ ‘ನಾಟ್ ಓಕೆ 3’. ಅಷ್ಟೇ. ಈ ಸರಳ ಪದ್ಧತಿಗೆ ಆಮೇಲೆ ‘ಟ್ಯಾಪ್’ ಅಂತ ಹೆಸರು ಬಂತು, ಇವತ್ತಿಗೂ ಬೇರೆ ಬೇರೆ ಭಾಷೆಗಳ ಟೆಸ್ಟ್ ಟೂಲುಗಳು ಇದನ್ನ ಮಾತಾಡ್ತವೆ.

ನಮ್ಮ ಕಡೆಯ ಉದಾಹರಣೆ ಹೇಳೋದಾದ್ರೆ, ಊರಿಂದ ಅಮ್ಮ ಕಳಿಸೋ ಸಾರಿನ ಪುಡಿ ಅದೇ. ಪುಣೆಯ ನೀರು, ಪುಣೆಯ ಬೇಳೆ ಬೇರೆ. ಅಲ್ಲಿ ರುಚಿ ನೋಡಿ ಕಳಿಸಿದ್ದು ನಿಜ, ಇಲ್ಲಿ ಒಂದು ಸಲ ನಾಲಿಗೆಗೆ ಹಚ್ಚಿ ನೋಡದೆ ನೆಂಟರಿಗೆ ಬಡಿಸ್ತೀರಾ?

ಆದ್ರೆ ಇದು ಪರ್ಲ್ ಭಾಷೆಯ ಪರೀಕ್ಷೆ. ಮಾಡ್ಯೂಲಿಗೆ ಬಂದಿದ್ದು ಹೇಗೆ? ಪರ್ಲ್ 4ರ ಕಾಲದಲ್ಲಿ ಸಿ ಕೋಡ್ ಸೇರಿಸಬೇಕು ಅಂದ್ರೆ ಪರ್ಲನ್ನೇ ಮತ್ತೆ ಲಿಂಕ್ ಮಾಡಿ ಹೊಸ ಬೈನರಿ ಮಾಡಬೇಕಿತ್ತು. ಒರಾಕಲ್ ಬೇಕಿದ್ದವರಿಗೆ ‘ಒರಾಪರ್ಲ್’, ಸೈಬೇಸ್ ಬೇಕಿದ್ದವರಿಗೆ ‘ಸೈಬ್‌ಪರ್ಲ್’. ಒಂದೇ ಸ್ಕ್ರಿಪ್ಟಿನಲ್ಲಿ ಎರಡೂ ಬೇಕು ಅಂದ್ರೆ ಎರಡನ್ನೂ ಸೇರಿಸಿ ಮೂರನೇ ಪರ್ಲ್ ಕಟ್ಟಿಕೊಳ್ಳಿ! ಈ ಕಿರಿಕಿರಿಯನ್ನ ಬಿಡಿಸಿದ್ದು 1994ರ ಅಕ್ಟೋಬರಿನಲ್ಲಿ ಬಂದ ಪರ್ಲ್ 5. ಸಿ ಕೋಡನ್ನ ಬೇರೆಯಾಗಿ ಕಂಪೈಲ್ ಮಾಡಿ, ಪ್ರೋಗ್ರಾಂ ಓಡುವಾಗ ಬೇಕಾದ್ದನ್ನ ಮಾತ್ರ ಲೋಡ್ ಮಾಡಿಕೊಳ್ಳುವ ಸೌಲಭ್ಯ ಬಂತು. ಟಿಮ್ ಬನ್ಸ್ ಅವರ ಡಿಬಿಐ ನಿಂತಿರೋದು ಇದರ ಮೇಲೆಯೇ. ಒಂದೇ ಇಂಟರ್‌ಫೇಸ್, ಅದರಡಿ ಒರಾಕಲ್‌ಗೊಂದು ಡ್ರೈವರ್, ಸೈಬೇಸ್‌ಗೊಂದು ಡ್ರೈವರ್.

ಈಗ ಹೊಸ ಪ್ರಶ್ನೆ. ಡ್ರೈವರನ್ನ ಕಂಪೈಲ್ ಮಾಡುವ ಕಂಪೈಲರ್ ಯಾವುದು, ಫ್ಲ್ಯಾಗುಗಳು ಯಾವುವು? ಪರ್ಲನ್ನ ಕಟ್ಟಿದಾಗ ಬಳಸಿದ್ದನ್ನೇ ಬಳಸದಿದ್ರೆ ಎರಡೂ ಹೊಂದಿಕೊಳ್ಳೋದಿಲ್ಲ, ಓಡಿಸಿದ ತಕ್ಷಣ ಕ್ರ್ಯಾಶ್. ಇಲ್ಲಿ ವಾಲ್ ಅವರ ಹಳೇ ಕಾನ್‌ಫಿಗರ್ ಮತ್ತೆ ಕೈಹಿಡಿಯಿತು. ಅದು ಕಂಡುಕೊಂಡಿದ್ದೆಲ್ಲ ‘ಕಾನ್‌ಫಿಗ್ ಡಾಟ್ ಪಿಎಂ’ ಎಂಬ ಫೈಲಿನಲ್ಲಿ ಪರ್ಲ್ ಜೊತೆಗೇ ಉಳಿದುಕೊಳ್ಳತ್ತೆ. ಅಂದ್ರೆ ಪ್ರತಿ ಪರ್ಲ್‌ಗೂ ತಾನು ಹುಟ್ಟಿದ್ದು ಹೇಗೆ ಅನ್ನೋದು ನೆನಪಿರತ್ತೆ. ಆಂಡಿ ಡೌಘರ್ಟಿ, ಆಂಡ್ರಿಯಾಸ್ ಕ್ಯೋನಿಗ್, ಟಿಮ್ ಬನ್ಸ್ ಮೊದಲಾದವರು ಸೇರಿ ಬರೆದ ‘ಮೇಕ್‌ಮೇಕರ್’ ಈ ನೆನಪನ್ನ ಓದಿ ನಿಮ್ಮ ಮೆಷಿನ್‌ಗೆ ತಕ್ಕ ಮೇಕ್‌ಫೈಲ್ ಬರೆದುಕೊಡತ್ತೆ. ಮೊದಲ ಸಾಲಿನ ಕೆಲಸ ಅದು. ಮಾಡ್ಯೂಲ್ ಬರೆದವರು ಹೆಸರು, ಆವೃತ್ತಿ ಯಾವ ಫೈಲಿನಲ್ಲಿದೆ ಅಂತ ನಾಲ್ಕೈದು ಸಾಲು ಬರೆದರೆ ಸಾಕು, ನೂರಾರು ಸಾಲಿನ ಮೇಕ್‌ಫೈಲ್ ತಯಾರು.

ಎರಡನೇ ಸಾಲು, ಬರೀ ‘ಮೇಕ್’, ಎಲ್ಲವನ್ನೂ ‘ಬ್ಲಿಬ್’ ಎಂಬ ಡೈರೆಕ್ಟರಿಗೆ ತಂದಿಡತ್ತೆ. ಬಿಲ್ಡ್ ಲೈಬ್ರರಿಯ ಸಂಕ್ಷೇಪ. ಇನ್‌ಸ್ಟಾಲ್ ಆದಮೇಲೆ ಹೇಗಿರತ್ತೋ ಅದೇ ಜೋಡಣೆ, ಆದ್ರೆ ಇನ್ನೂ ಸಿಸ್ಟಮ್ಮಿಗೆ ಹೋಗಿಲ್ಲ. ಮದುವೆ ಮನೆಯಲ್ಲಿ ಊಟ ಪಂಕ್ತಿಗೆ ಹೋಗೋ ಮೊದಲು ಉಗ್ರಾಣದಲ್ಲಿ ಇಟ್ಟಿರ್ತಾರಲ್ಲ, ಹಾಗೆ. ಮೂರನೇ ಸಾಲು ಓಡೋದು ಈ ಬ್ಲಿಬ್ ಮೇಲೆ. ನಿಮ್ಮ ಕಂಪೈಲರ್ ತಯಾರಿಸಿದ, ನಿಮ್ಮ ಲೈಬ್ರರಿಗೆ ಲಿಂಕ್ ಆದ, ಇನ್ನೊಂದು ಕ್ಷಣಕ್ಕೆ ಇನ್‌ಸ್ಟಾಲ್ ಆಗಲಿರುವ ಅದೇ ಫೈಲುಗಳ ಪರೀಕ್ಷೆ. ‘ನಾಟ್ ಓಕೆ’ ಬಂದ್ರೆ ನಾಲ್ಕನೇ ಸಾಲಿಗೆ ಹೋಗಬೇಡಿ ಅಂತ ಅರ್ಥ. ಮುಂದೆ ಕ್ಯೋನಿಗ್ ಬರೆದ ‘ಸೀಪ್ಯಾನ್’ ಮಾಡ್ಯೂಲು ಈ ನಾಲ್ಕೂ ಸಾಲನ್ನ ತಾನೇ ಹೊಡೆಯತ್ತೆ, ಪರೀಕ್ಷೆ ಕೆಟ್ಟರೆ ನಿಂತುಬಿಡತ್ತೆ. ಒತ್ತಾಯ ಮಾಡಿ ಹಾಕಿಸಬೇಕು ಅಂದ್ರೆ ‘ಫೋರ್ಸ್’ ಅಂತ ಬಾಯಿಬಿಟ್ಟು ಹೇಳಬೇಕು.

ಸೀಪ್ಯಾನ್ ಅಂದೆ. 1995ರ ಅಕ್ಟೋಬರ್ 26ರಂದು ಫಿನ್‌ಲ್ಯಾಂಡಿನ ಯಾರ್ಕೋ ಹಿಯೆಟಾನಿಯೆಮಿ ಇದನ್ನ ಜಗತ್ತಿಗೆ ತಿಳಿಸಿದರು. ಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆಗೆ ‘ಸಿಟ್ಯಾನ್’ ಅಂತ ಭಂಡಾರ ಇತ್ತು, ಅದನ್ನ ನೋಡಿ ಕಟ್ಟಿದ್ದು. ಮೂಲ ಪ್ರತಿ ಫಿನ್‌ಲ್ಯಾಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನಲ್ಲಿ, ನಕಲುಗಳು ಜಗತ್ತಿನ ತುಂಬ. ಒಡೆಯ ಅಂತ ಒಂದು ಕಂಪನಿ ಇರಲಿಲ್ಲ. ಇದು ಮುಖ್ಯ, ಯಾಕಂದ್ರೆ ಮುಂದೆ ಆಗಿದ್ದು ಯಾವ ಕಂಪನಿಯೂ ಸಂಬಳ ಕೊಟ್ಟು ಮಾಡಿಸುವ ಕೆಲಸ ಅಲ್ಲ.

1998ರಲ್ಲಿ ಗ್ರಹಾಂ ಬಾರ್ ಮತ್ತು ಕ್ರಿಸ್ ನ್ಯಾಂಡರ್ ‘ಸೀಪ್ಯಾನ್ ಟೆಸ್ಟರ್ಸ್’ ಶುರು ಮಾಡಿದರು. ಲೆಕ್ಕ ಸರಳ. ಮೇಕ್ ಟೆಸ್ಟ್ ಹೇಗೂ ಎಲ್ಲರ ಮೆಷಿನ್ ಮೇಲೂ ಓಡ್ತಿದೆ. ಅದರ ಫಲಿತಾಂಶ ಒಂದು ಕಡೆ ಸೇರಿಸಿದ್ರೆ ಹೇಗೆ? ಸ್ವಯಂಸೇವಕರು ಹೊಸದಾಗಿ ಬಂದ ಪ್ರತಿ ಮಾಡ್ಯೂಲನ್ನ ತಮ್ಮ ಮೆಷಿನ್ ಮೇಲೆ ಕಟ್ಟಿ ‘ಪಾಸ್’ ಅಥವಾ ‘ಫೇಲ್’ ಅಂತ ವರದಿ ಕಳಿಸತೊಡಗಿದರು. ಮೊದಮೊದಲು ಇದೆಲ್ಲ ಇಮೇಲ್‌ನಲ್ಲೇ. ಮನೆಯ ಲಿನಕ್ಸ್ ಪಿಸಿಯಲ್ಲಿ ಮಾಡ್ಯೂಲ್ ಬರೆದವರಿಗೆ ಯಾರದೋ ಸೋಲಾರಿಸ್, ಫ್ರೀಬಿಎಸ್‌ಡಿ, ವಿಂಡೋಸ್ ಮೆಷಿನ್‌ಗಳಿಂದ, ಪರ್ಲ್‌ನ ಹಳೇ ಹೊಸ ಆವೃತ್ತಿಗಳಿಂದ ವರದಿ ಬರತ್ತೆ. ದುಡ್ಡು ಕೊಟ್ಟರೂ ಸಿಗದ ಪ್ರಯೋಗಾಲಯ. ಗಿಟ್‌ಹಬ್ ಇಲ್ಲದ, ಸಿಐ ಅನ್ನೋ ಪದ ನಮ್ಮ ರೆಸ್ಯೂಮೆಗಳಿಗೆ ಬಾರದ ಕಾಲ ಅದು.

ಇದರಿಂದ ಇನ್ನೊಂದು ಲಾಭ ಆಯ್ತು, ನನ್ನ ಪ್ರಕಾರ ಇದೇ ದೊಡ್ಡದು. ಪರ್ಲ್ ಭಾಷೆಯನ್ನೇ ಬದಲಾಯಿಸುವವರು ಬಿಡುಗಡೆಗೆ ಮೊದಲೇ ಸೀಪ್ಯಾನ್‌ನ ಮಾಡ್ಯೂಲುಗಳನ್ನ ಹೊಸ ಪರ್ಲ್ ಮೇಲೆ ಓಡಿಸಿ, ಯಾವುದು ಮುರೀತು ಅಂತ ನೋಡಬಹುದು. ಹಾಗೆ ಮುರಿದದ್ದರ ಬಗ್ಗೆ ಕ್ಯೋನಿಗ್ ಬಿಡದೆ ವರದಿ ಕಳಿಸ್ತಾ ಬಂದರು. ನಿಮ್ಮ 2003ರ ಸ್ಕ್ರಿಪ್ಟು ಇವತ್ತಿನ ಪರ್ಲ್ ಮೇಲೂ ಓಡ್ತಿದ್ರೆ ಅದಕ್ಕೆ ಈ ಯಾರೂ ನೋಡದ ಕೆಲಸವೂ ಒಂದು ಕಾರಣ. ಪೈಥಾನ್ 2ರಿಂದ 3ಕ್ಕೆ ಹೋದ ಪ್ರಾಜೆಕ್ಟ್‌ನಲ್ಲಿ ಇದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಮೇಕ್‌ಮೇಕರ್ ಮಾತ್ರ ಎಲ್ಲರ ಪ್ರೀತಿಗೆ ಪಾತ್ರ ಆಗಲಿಲ್ಲ. ಪರ್ಲ್ ಪ್ರೋಗ್ರಾಂ ಮೇಕ್‌ಫೈಲ್ ಬರೆಯತ್ತೆ, ಮೇಕ್‌ಫೈಲ್ ಶೆಲ್ ಕಮಾಂಡು ಓಡಿಸತ್ತೆ, ಆ ಕಮಾಂಡಿನಲ್ಲಿ ಮತ್ತೆ ಪರ್ಲ್. ವಿಂಡೋಸ್‌ನಲ್ಲಿ ‘ಮೇಕ್’ ಇಲ್ಲ, ‘ಎನ್‌ಮೇಕ್’. ವಿಎಂಎಸ್‌ನಲ್ಲಿ ಇನ್ನೊಂದು. ವರ್ಷಗಟ್ಟಲೆ ಅದನ್ನ ನೋಡಿಕೊಂಡ ಮೈಕೆಲ್ ಶ್ವೆರ್ನ್ ಅವರೇ ‘ಮೇಕ್‌ಮೇಕರ್‌ಗೆ ಉಳಿಗಾಲವಿಲ್ಲ’ ಅನ್ನುವ ಅರ್ಥದ ಭಾಷಣ ಮಾಡಿದರು. ಕೆನ್ ವಿಲಿಯಮ್ಸ್ ಮೇಕ್‌ನ ಹಂಗೇ ಬೇಡ ಅಂತ ಅಪ್ಪಟ ಪರ್ಲ್‌ನಲ್ಲಿ ‘ಮಾಡ್ಯೂಲ್ ಬಿಲ್ಡ್’ ಬರೆದರು. 2007ರ ಡಿಸೆಂಬರಿನ ಪರ್ಲ್ 5.10ರಲ್ಲಿ ಅದು ಭಾಷೆಯ ಜೊತೆಗೇ ಬಂತು, 2015ರ 5.22ರಲ್ಲಿ ಹೊರಗೆ ಹೋಯ್ತು. ಮೇಕ್‌ಮೇಕರ್ ಇನ್ನೂ ಇದೆ. ಎರಡರಲ್ಲೂ ಪರೀಕ್ಷೆಯ ಹೆಜ್ಜೆ ಹಾಗೇ ಇತ್ತು ಅನ್ನೋದನ್ನ ಗಮನಿಸಿ, ‘ಮೇಕ್ ಟೆಸ್ಟ್’ ಬದಲು ‘ಬಿಲ್ಡ್ ಟೆಸ್ಟ್’ ಅಷ್ಟೇ. ಜಗಳ ಆಗಿದ್ದು ಪಾತ್ರೆಯ ಬಗ್ಗೆ.

ಹಾಗಾದ್ರೆ ಪೈಥಾನ್‌ಗೆ ಯಾಕೆ ಬರಲಿಲ್ಲ? ಗೊತ್ತಿಲ್ಲದೆ ಬಿಟ್ಟಿದ್ದಂತೂ ಅಲ್ಲ. 2000ದಲ್ಲಿ ಪೈಥಾನ್ 1.6ರ ಜೊತೆ ಬಂದ ‘ಡಿಸ್ಟ್‌ಯುಟಿಲ್ಸ್’ ಬರೆದ ಗ್ರೆಗ್ ವಾರ್ಡ್ ಪರ್ಲ್ ಲೋಕಕ್ಕೆ ಹೊಸಬರಲ್ಲ, ‘ಟೆಕ್ಸ್ಟ್ ಬಿಬ್‌ಟೆಕ್’ ಎಂಬ ಅವರದೇ ಮಾಡ್ಯೂಲ್ ಸೀಪ್ಯಾನ್‌ನಲ್ಲಿದೆ. ಪೈಥಾನ್ ಕಟ್ಟಿದಾಗಿನ ಕಂಪೈಲರ್ ವಿವರ ಓದಿಕೊಳ್ಳುವ ಉಪಾಯ ಡಿಸ್ಟ್‌ಯುಟಿಲ್ಸ್‌ನಲ್ಲೂ ಇದೆ. ‘ಸೆಟಪ್ ಡಾಟ್ ಪಿವೈ ಬಿಲ್ಡ್’, ‘ಸೆಟಪ್ ಡಾಟ್ ಪಿವೈ ಇನ್‌ಸ್ಟಾಲ್’ ಬಂದವು. ನಡುವಿನ ‘ಟೆಸ್ಟ್’ ಬರಲಿಲ್ಲ. ಆಮೇಲೆ ‘ಸೆಟಪ್‌ಟೂಲ್ಸ್’ ಒಂದು ಟೆಸ್ಟ್ ಕಮಾಂಡು ಸೇರಿಸಿತು, ಕೆಲವು ವರ್ಷಗಳ ನಂತರ ಅದನ್ನ ಬಳಸಬೇಡಿ ಅಂತಲೂ ಹೇಳಿತು. 2008ರಲ್ಲಿ ಇಯಾನ್ ಬಿಕಿಂಗ್ ಪಿಪ್ ಬರೆಯುವ ಹೊತ್ತಿಗೆ ಇನ್‌ಸ್ಟಾಲ್ ಅಂದ್ರೆ ಇಳಿಸಿ ಇಡೋದು ಅಂತಲೇ ಆಗಿತ್ತು. 2013ರ ಹೊತ್ತಿಗೆ ‘ವೀಲ್’ ಬಂದಮೇಲೆ ನಿಮ್ಮ ಮೆಷಿನ್‌ನಲ್ಲಿ ಕಟ್ಟುವ ಪ್ರಶ್ನೆಯೇ ಹೋಯ್ತು. ಕಟ್ಟಿದ್ದನ್ನ ಜಿಪ್ ಮಾಡಿ ಕಳಿಸ್ತಾರೆ, ಬಿಚ್ಚಿ ಇಟ್ಟರೆ ಮುಗೀತು. 2016ರಲ್ಲಿ ‘ಮೆನಿಲಿನಕ್ಸ್’ ಎಂಬ ಒಪ್ಪಂದ ಆಗಿ, ಹಳೇ ಸೆಂಟ್‌ಓಎಸ್ 5ರ ಮೇಲೆ ಒಮ್ಮೆ ಕಟ್ಟಿದ್ದನ್ನ ಮುಕ್ಕಾಲುವಾಸಿ ಲಿನಕ್ಸ್‌ಗಳ ಮೇಲೆ ಓಡಿಸೋ ದಾರಿ ಸಿಕ್ಕಿತು.

ಇದನ್ನ ನಾನು ಬೈಯೋದಿಲ್ಲ. ನಂಪೈಯನ್ನ ಸೋರ್ಸ್‌ನಿಂದ ಕಟ್ಟಿ ಫೋರ್ಟ್ರಾನ್ ಕಂಪೈಲರ್ ಹುಡುಕಿದವರಿಗೆ ವೀಲ್ ಎಂಥ ವರ ಅಂತ ಗೊತ್ತು. ಸುರಕ್ಷತೆಯ ಮಾತೂ ಇದೆ. ಮೇಕ್‌ಫೈಲ್ ಡಾಟ್ ಪಿಎಲ್ ಅಂದ್ರೆ ಯಾರೋ ಅಪರಿಚಿತರು ಬರೆದ ಪ್ರೋಗ್ರಾಂ, ಅದನ್ನ ರೂಟ್ ಆಗಿ ಓಡಿಸಿದವರು ಕಡಿಮೆ ಏನಿಲ್ಲ. 2024ರ ಮಾರ್ಚಿನಲ್ಲಿ ಹೊರಬಿದ್ದ ಎಕ್ಸ್‌ಝಡ್ ಪ್ರಕರಣ ಸಿ ಭಾಷೆಯದ್ದು, ಆದ್ರೂ ಇಲ್ಲಿಗೆ ಸಂಬಂಧಪಟ್ಟದ್ದು: ಕಳ್ಳ ಕೋಡನ್ನ ಅಡಗಿಸಿಟ್ಟಿದ್ದು ಪರೀಕ್ಷೆಗೆ ಅಂತ ಇಟ್ಟ ಫೈಲುಗಳಲ್ಲೇ, ಅದು ಜೀವ ಪಡೆದದ್ದು ಬಿಲ್ಡ್ ಸ್ಕ್ರಿಪ್ಟಿನ ಮೂಲಕ. ವೀಲ್ ಇನ್‌ಸ್ಟಾಲ್ ಆಗುವಾಗ ಅಂಥ ಸ್ಕ್ರಿಪ್ಟು ಓಡೋದಿಲ್ಲ.

ಆದ್ರೆ ಒಂದು ವಿಷಯ ಬದಲಾಗಿದೆ, ಅದನ್ನ ಮುಚ್ಚಿಡೋಕಾಗಲ್ಲ. ಪರೀಕ್ಷೆ ನಮ್ಮ ಮೆಷಿನ್ನಿಂದ ಬರೆದವರ ಸಿಐ ಸರ್ವರ್‌ಗೆ ಹೋಗಿದೆ. ಅಲ್ಲಿನ ಹಸಿರು ಟಿಕ್ ಮಾರ್ಕ್ ಅಲ್ಲಿನ ಮೆಷಿನ್ ಬಗ್ಗೆ ಹೇಳೋದು. ಪರ್ಲ್‌ನಲ್ಲೂ ಇದು ನಡೀತಿದೆ. 2010ರಲ್ಲಿ ತಾತ್ಸುಹಿಕೊ ಮಿಯಾಗಾವಾ ಬರೆದ ‘ಸೀಪ್ಯಾನ್ ಮೈನಸ್’ ಹಳೇ ಕಮಾಂಡಿಗಿಂತ ಎಷ್ಟೋ ಹಗುರ. ಹೇಳದಿದ್ರೆ ಪರೀಕ್ಷೆ ಓಡಿಸತ್ತೆ, ‘ನೋಟೆಸ್ಟ್’ ಅಂದ್ರೆ ಬಿಡತ್ತೆ. ಡಾಕರ್ ಬಂದಮೇಲೆ ಆ ‘ನೋಟೆಸ್ಟ್’ ಎಷ್ಟೋ ಡಾಕರ್‌ಫೈಲುಗಳಲ್ಲಿ ಖಾಯಂ ಆಗಿ ಕೂತಿದೆ.

ನಾನೀಗ ನೋಡಿಕೊಳ್ಳೋ ಪ್ರಾಜೆಕ್ಟ್‌ನಲ್ಲೂ ಕೂತಿತ್ತು. ಕಳೆದ ವರ್ಷ ಹೊಸ, ಸಣ್ಣ ಬೇಸ್ ಇಮೇಜ್‌ಗೆ ಹೋಗುವಾಗ ಅದನ್ನ ತೆಗೆದು ಓಡಿಸಿದೆ. ದಿನಾಂಕಕ್ಕೆ ಸಂಬಂಧಪಟ್ಟ ಒಂದು ಮಾಡ್ಯೂಲ್ ‘ನಾಟ್ ಓಕೆ’ ಅಂದು ನಿಂತಿತು. ಹುಡುಕಿದ್ರೆ, ಇಮೇಜ್ ಚಿಕ್ಕದು ಮಾಡೋಕೆ ಟೈಮ್‌ಝೋನ್ ಫೈಲುಗಳನ್ನೇ ಬಿಟ್ಟಿದ್ದರು. ನಾವು ಏಷ್ಯಾ ಕೋಲ್ಕತಾ ಅಂತ ಸೆಟ್ ಮಾಡಿದ್ರೂ ಲಿನಕ್ಸ್ ಎರರ್ ಕೊಡದೆ ಸುಮ್ಮನೆ ಯುಟಿಸಿ ಅಂತ ತಗೊಂಡುಬಿಡತ್ತೆ. ದಿನದ ಕೊನೆಯ ರಿಪೋರ್ಟು ಐದೂವರೆ ಗಂಟೆ ಆಚೀಚೆ ಆಗಿ ಕ್ಲೈಂಟ್‌ಗೆ ಹೋಗ್ತಿತ್ತು. ಪ್ಯಾಕೇಜ್ ಸೇರಿಸಿದೆ, ಪರೀಕ್ಷೆಯನ್ನ ಹಾಗೇ ಉಳಿಸಿದೆ. ಬಿಲ್ಡ್‌ಗೆ ಈಗ 11 ನಿಮಿಷ ಜಾಸ್ತಿ. ಆ 11 ನಿಮಿಷ ಬೇಕೇ ಬೇಕಾ ಅಂತ ಮ್ಯಾನೇಜರ್ ಪ್ರತಿ ತಿಂಗಳೂ ಕೇಳ್ತಾರೆ.