ಕನ್ನಡಿಗೆ ನಿನ್ನೆಯ ಮುಖ ನೆನಪಿರಲ್ಲ

"ಆರ್‌ಸಿಂಕ್ ಹಾಕಿದೀನಿ, ದಿನಾ ರಾತ್ರಿ ಬ್ಯಾಕಪ್ ಆಗ್ತಿದೆ" ಅನ್ನುವವರು ಸಿಕ್ಕಾಗೆಲ್ಲ ನಾನು ಕೇಳುವುದು ಒಂದೇ: ಸರ್ವರ್‌ನಲ್ಲಿ ಇವತ್ತು ಮಧ್ಯಾಹ್ನ ಒಂದು ಫೋಲ್ಡರ್ ಅಳಿಸಿಹೋದರೆ, ರಾತ್ರಿ ನಿಮ್ಮ ಸ್ಕ್ರಿಪ್ಟ್ ಏನು ಮಾಡುತ್ತೆ? ಡಿಲೀಟ್ ಆಯ್ಕೆ ಹಾಕಿದ್ದರೆ, ಪಾಪ, ನಿಷ್ಠೆಯಿಂದ ಇಲ್ಲೂ ಅಳಿಸುತ್ತೆ. ಅದು ಬ್ಯಾಕಪ್ ಅಲ್ಲ, ಕನ್ನಡಿ.

ಆರ್‌ಸಿಂಕ್ ಹುಟ್ಟಿದ್ದೇ ಬೇರೆ ಕಾರಣಕ್ಕೆ. 1996ರ ಜೂನ್‌ನಲ್ಲಿ ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಅದನ್ನು ಹೊರತಂದರು. (ಟ್ರಿಜೆಲ್ ಅಂದ್ರೆ ಸಾಂಬಾ ಬರೆದ ಪುಣ್ಯಾತ್ಮ. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ.) ಹಳೆಯ ಫೈಲ್ ಆ ಊರಲ್ಲಿದೆ, ಹೊಸದು ಈ ಊರಲ್ಲಿದೆ, ನಡುವೆ ನಿಧಾನದ ಲೈನು. ಎರಡನ್ನೂ ಪಕ್ಕಪಕ್ಕ ಇಡದೆ ವ್ಯತ್ಯಾಸ ಹುಡುಕೋದು ಹೇಗೆ? ಹಳೆಯದನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಎರಡು ಚೆಕ್‌ಸಮ್ ಕಳಿಸಿದರು: ಒಂದು ಅಗ್ಗದ್ದು, ಇನ್ನೊಂದು ಗಟ್ಟಿ. ಅಗ್ಗದ್ದರ ಜಾಣತನ ನೋಡಿ: ಹೊಸ ಫೈಲ್ ಮೇಲೆ ಒಂದೊಂದೇ ಬೈಟ್ ಮುಂದೆ ಜಾರುವಾಗ ಎಲ್ಲವನ್ನೂ ಮತ್ತೆ ಕೂಡಬೇಕಿಲ್ಲ, ಎಡಗಡೆಯ ಬೈಟ್ ಕಳೆದು, ಬಲಗಡೆಯದು ಸೇರಿಸಿದರೆ ಸಾಕು. ಹೊಂದಿಕೆಯಾದಾಗ ಮಾತ್ರ ಗಟ್ಟಿ ಚೆಕ್‌ಸಮ್ ನೋಡೋದು. ಹೊಂದದ ಚೂರುಗಳಷ್ಟೇ ಲೈನ್ ಮೇಲೆ ಹೋಗುತ್ತವೆ.

ಸ್ನ್ಯಾಪ್‌ಶಾಟ್‌ನ ಇನ್ನರ್ಧ ಇನ್ನೂ ಹಳೆಯದು: 1971ರ ಯುನಿಕ್ಸ್‌ನಲ್ಲೇ ಇದ್ದ ಹಾರ್ಡ್ ಲಿಂಕ್. ಒಂದೇ ಫೈಲಿಗೆ ಎಷ್ಟು ಹೆಸರು ಬೇಕಾದರೂ ಇರಬಹುದು, ಕೊನೆಯ ಹೆಸರು ಹೋಗುವ ತನಕ ಮಾಹಿತಿ ಹೋಗಲ್ಲ. ಈ ಎರಡನ್ನೂ ಒಂದು ಪುಟ್ಟ ಶೆಲ್ ಸ್ಕ್ರಿಪ್ಟಿನಲ್ಲಿ ಹೊಲಿಯುವ ವಿಧಾನವನ್ನು ಮೈಕ್ ರೂಬೆಲ್ ಬರೆದಿಟ್ಟರು. ಅದರಿಂದಲೇ ಆರ್‌ಸ್ನ್ಯಾಪ್‌ಶಾಟ್ ಬಂತು. 2003ರಲ್ಲಿ ಆರ್‌ಸಿಂಕ್‌ಗೇ ಲಿಂಕ್-ಡೆಸ್ಟ್ ಆಯ್ಕೆ ಸೇರಿತು: ನಿನ್ನೆಯ ಡೈರೆಕ್ಟರಿ ತೋರಿಸಿದರೆ, ಬದಲಾಗದ ಫೈಲುಗಳಿಗೆ ಬರೀ ಲಿಂಕ್. 50 ಜಿಬಿ ಸರ್ವರ್‌ನಲ್ಲಿ ದಿನಕ್ಕೆ 1 ಜಿಬಿಯಷ್ಟು ಫೈಲು ಬದಲಾಗುತ್ತೆ ಅನ್ಕೊಳ್ಳಿ. 30 ಪೂರ್ತಿ ನಕಲಿಗೆ 1500 ಜಿಬಿ ಬೇಕು, ಇಲ್ಲಿ 79 ಜಿಬಿ ಸಾಕು. ಆದರೂ ಯಾವ ದಿನದ ಫೋಲ್ಡರ್ ತೆರೆದರೂ ಸರ್ವರ್ ಪೂರ್ತಿ ಕಾಣುತ್ತೆ.

ಇದು ಕೆಲಸ ಮಾಡುವುದಕ್ಕೆ ಕಾರಣ, ಆರ್‌ಸಿಂಕ್ ಬದಲಾದ ಫೈಲನ್ನು ಬೇರೆಯಾಗಿ ಬರೆದು ಆಮೇಲೆ ಹೆಸರು ಕೊಡುತ್ತೆ, ಹಳೆಯದನ್ನು ಮುಟ್ಟಲ್ಲ. ನಿನ್ನೆಯ ಫೋಲ್ಡರನ್ನು ಲಿಂಕ್ ಸಮೇತ ನಕಲು ಮಾಡಿ ಅದರ ಮೇಲೇ ಇನ್‌ಪ್ಲೇಸ್ ಆಯ್ಕೆಯಿಂದ ಬರೆದಿರೋ, ಮೂವತ್ತೂ ದಿನದ ಪ್ರತಿ ಒಟ್ಟಿಗೆ ಬದಲಾಯ್ತು ಅಂತಲೇ ಲೆಕ್ಕ. 10 ಜಿಬಿ ಡೇಟಾಬೇಸ್ ಡಂಪ್‌ನಲ್ಲಿ ಒಂದು ಬೈಟ್ ಬದಲಾದರೆ ಲೈನ್ ಮೇಲೆ ಚೂರು ಹೋದರೂ ಡಿಸ್ಕಿನಲ್ಲಿ ಮತ್ತೊಂದು ಪೂರ್ತಿ 10 ಜಿಬಿ. ಇದನ್ನು ಯಾರೂ ಮೊದಲೇ ಹೇಳಲ್ಲ, ಡಿಸ್ಕ್ ತುಂಬಿದಾಗ ಗೊತ್ತಾಗುತ್ತೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಿದರು. ಸುಮಾರು 300 ಜಿಬಿ. ನಿತ್ಯದ ಡಂಪ್ ಆವೃತ್ತಿ ಹೊಂದದೆ ಸುಮ್ಮನೆ ಸೋಲುತ್ತಿತ್ತು, ಎಚ್ಚರಿಕೆಯ ಇಮೇಲೂ ತಲುಪುತ್ತಿರಲಿಲ್ಲ. ಉಳಿಸಿದ್ದು, ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್.

ಅದನ್ನು ಓದಿದ ಮೇಲೆ ನನ್ನ ಸ್ಕ್ರಿಪ್ಟ್ ಬ್ಯಾಕಪ್ ಯಂತ್ರದಲ್ಲೇ ಕೂತು ಸರ್ವರ್‌ನಿಂದ ಎಳೆದುಕೊಳ್ಳುತ್ತೆ. ಸರ್ವರ್‌ಗೆ ಈ ಕಡೆಯ ಕೀಲಿ ಕೊಟ್ಟಿಲ್ಲ. ತಿಂಗಳಿಗೊಮ್ಮೆ ಯಾವುದೋ ಹಳೇ ದಿನದ ಫೋಲ್ಡರಿನಿಂದ ಡಂಪ್ ತೆಗೆದು ಖಾಲಿ ಯಂತ್ರದಲ್ಲಿ ಹಾಕಿ ನೋಡ್ತೀನಿ. ಹೋದ ಸಲ 40 ನಿಮಿಷ ಹಿಡಿಯಿತು.